ಬೆಳಿಗ್ಗೆ ಒಂದು ತೂಕ, ಮಧ್ಯಾಹ್ನ ಒಂದು ತೂಕ: ಒಂದು ರೆಸಿಸ್ಟರ್ ಹೀಗೆ ಮಾಡುತ್ತದಾ?

ಬಣಕಲ್ ತೋಟ:

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಹಣ್ಣು ತೂಗಲು 100 ಕೆಜಿಯ ಎಲೆಕ್ಟ್ರಾನಿಕ್ ತೂಕದ ಮೆಷಿನ್ ಇದೆ, ಅಪ್ಪ ಇಪ್ಪತ್ತು ವರ್ಷದ ಹಿಂದೆ ತಂದದ್ದು. 10 ಗ್ರಾಂ ಲೆಕ್ಕದಲ್ಲಿ ತೋರಿಸುತ್ತದೆ. ಈ ಮಳೆಗಾಲದಲ್ಲಿ ಸಿಡಿಲಿಗೆ ಒಳಗೆ ಏನೋ ಸುಟ್ಟಿತ್ತು. ಪೇಟೆಯ ಒಂದು ಅಂಗಡಿಯಲ್ಲಿ ರಿಪೇರಿ ಮಾಡಿಸಿದೆವು, ಅವರೇ ತೂಕ ಇಟ್ಟು ಸೆಟ್ ಮಾಡಿ ಕೊಟ್ಟರು.

ಕೊಯ್ಲು ಶುರುವಾದ ಮೇಲೆ ಗೊತ್ತಾಯಿತು ಏನೋ ಸರಿ ಇಲ್ಲ ಅಂತ. ಮೊದಲು ಕಂಡುಹಿಡಿದದ್ದು ನಾನಲ್ಲ, ಹಣ್ಣು ಕೊಯ್ಯುವ ಒಬ್ಬ ಅಕ್ಕ. ಮಧ್ಯಾಹ್ನ ತೂಗಿ ಇಟ್ಟ ಚೀಲ ಮಾರನೇ ದಿನ ಬೆಳಿಗ್ಗೆ ಕಮ್ಮಿ ಬರುತ್ತದೆ ಅಂದರು. ರಾತ್ರಿ ಕಳೆದರೆ ಹಣ್ಣು ಸ್ವಲ್ಪ ಆರುತ್ತದೆ, ಅದಕ್ಕೇ ಇರಬೇಕು ಅಂತ ನಾನು ಹೇಳಿದೆ. ಆದರೆ ಅವರ ಮಾತು ತಲೆಯಲ್ಲಿ ಉಳಿಯಿತು. ಕೆಜಿ ಲೆಕ್ಕದಲ್ಲಿ ಕೂಲಿ ಕೊಡುವಾಗ ಇದು ಸಣ್ಣ ವಿಷಯ ಅಲ್ಲ ಅಲ್ವಾ. ಮುದ್ರೆ ಇರುವ ಕಬ್ಬಿಣದ ಬಟ್ಟುಗಳನ್ನು, 20ರದ್ದು ಎರಡು, 10ರದ್ದು ಒಂದು, ಇಟ್ಟು ನೋಡಿದೆ. ಬೆಳಿಗ್ಗೆ 7 ಗಂಟೆಗೆ, ಹೊರಗೆ 16 ಡಿಗ್ರಿ ಇದ್ದಾಗ, 49.89. ಮಧ್ಯಾಹ್ನ ಕಣದ ಪಕ್ಕ 31 ಡಿಗ್ರಿ ಇದ್ದಾಗ 50.11. ಕಬ್ಬಿಣ ರಾತ್ರಿಯಲ್ಲಿ ಆರುವುದಿಲ್ಲ. ಮೂರು ದಿನ ನೋಡಿದೆ, ಮೂರು ದಿನವೂ ಹಾಗೇ. ಏನೂ ಇಡದೇ ಇದ್ದರೆ ಮಾತ್ರ ಯಾವ ಹೊತ್ತಲ್ಲೂ 0.00 ಸರಿಯಾಗಿ ತೋರಿಸುತ್ತದೆ.

ಮುಚ್ಚಳ ಬಿಚ್ಚಿ ನೋಡಿದೆ. ಬೋರ್ಡಿನಲ್ಲಿ ಎಂಟು ಕಾಲಿನ ಮೂರು ಐಸಿ ಇವೆ, ಮೇಲೆ ಓಪಿ07 ಅಂತ ಬರೆದಿದೆ. ಸುತ್ತ ಇರುವ ರೆಸಿಸ್ಟರ್ (ಕರೆಂಟಿಗೆ ತಡೆ ಒಡ್ಡುವ ಬಿಡಿಭಾಗ) ಎಲ್ಲಾ ನೀಲಿ ಬಣ್ಣ, ಐದು ಪಟ್ಟಿ. ಒಂದು ಮಾತ್ರ ತಿಳಿ ಕಂದು, ಹೊಸದು, ನಾಲ್ಕು ಪಟ್ಟಿ: ಕಂದು, ಕಪ್ಪು, ಕಂದು, ಚಿನ್ನ. ಅಂಗಡಿಯವರು ಹಾಕಿದ್ದು ಅದೇ ಇರಬೇಕು.

ನನ್ನ ಪ್ರಶ್ನೆ ಎರಡು. ಒಂದು, ಇಷ್ಟು ಸಣ್ಣ ರೆಸಿಸ್ಟರ್ 200 ಗ್ರಾಂ ತಪ್ಪು ಮಾಡುತ್ತದಾ? ಎರಡು, ಆನ್‌ಲೈನಲ್ಲಿ ಹುಡುಕಿದರೆ ಅದೇ 100 ಓಮ್ ತಡೆಯದ್ದು ಒಂದು ರೂಪಾಯಿಗೂ ಸಿಗುತ್ತದೆ, ಸಾವಿರ ರೂಪಾಯಿಗೂ ಇದೆ. ಓಮ್ ಅಂದರೆ ಓಮ್ ತಾನೆ, ಸಾವಿರ ರೂಪಾಯಿಯದರಲ್ಲಿ ಏನಿದೆ? ಯಾರು ಯಾಕೆ ಇಂಥದ್ದನ್ನು ಮಾಡಲು ಹೊರಟರು?

ಹಾಸನ ಲ್ಯಾಬ್ ಮೇಷ್ಟ್ರು:

ಪರೀಕ್ಷೆ ಚೆನ್ನಾಗಿ ಮಾಡಿದ್ದೀರಿ. ಬಟ್ಟು ಇಟ್ಟು, ಹೊತ್ತು ಬರೆದು, ಉಷ್ಣಾಂಶ ಬರೆದು ನೋಡುವವರು ಕಡಿಮೆ. ನಿಮ್ಮ ಬರಹದಲ್ಲೇ ಅರ್ಧ ಉತ್ತರ ಇದೆ. ಖಾಲಿ ಇದ್ದಾಗ ಸೊನ್ನೆ ಸರಿ ಇದೆ, ಭಾರ ಇಟ್ಟಾಗ ಮಾತ್ರ ತಪ್ಪು. ಸೊನ್ನೆಯೇ ಜಾರುತ್ತಿದ್ದರೆ ಐಸಿ ಮೇಲೆ ಅಥವಾ ಲೋಡ್ ಸೆಲ್ (ಭಾರವನ್ನು ವೋಲ್ಟೇಜಾಗಿ ಬದಲಿಸುವ ಭಾಗ) ಮೇಲೆ ಅನುಮಾನ ಪಡಬೇಕಿತ್ತು. ಇದು ಗೇನ್, ಅಂದರೆ ಸಿಗ್ನಲನ್ನು ಎಷ್ಟು ಪಟ್ಟು ಹಿಗ್ಗಿಸುತ್ತದೆ ಅನ್ನುವುದು, ಬದಲಾಗುತ್ತಿರುವ ಲಕ್ಷಣ. 25 ಕೆಜಿ ಇಟ್ಟರೆ ತಪ್ಪೂ ಅರ್ಧ ಆಗುತ್ತದೆ, ನೋಡಿ ಬೇಕಾದರೆ.

ಲೆಕ್ಕ ಹೀಗೆ. ಲೋಡ್ ಸೆಲ್‌ನಿಂದ ಬರುವುದು ತೀರಾ ಸಣ್ಣ ವೋಲ್ಟೇಜು. ಸಾಮಾನ್ಯವಾಗಿ ಪೂರ್ತಿ ಭಾರಕ್ಕೆ, ನಾವು ಅದಕ್ಕೆ ಕೊಡುವ ಒಂದೊಂದು ವೋಲ್ಟ್‌ಗೆ 2 ಮಿಲಿವೋಲ್ಟ್. 5 ವೋಲ್ಟ್ ಕೊಟ್ಟರೆ 100 ಕೆಜಿಗೆ 10 ಮಿಲಿವೋಲ್ಟ್. ಅದನ್ನು ಆ ಮೂರು ಓಪಿ07 ಸೇರಿ ಸುಮಾರು 200 ಪಟ್ಟು ಹಿಗ್ಗಿಸುತ್ತವೆ. ಎಷ್ಟು ಪಟ್ಟು ಅಂತ ತೀರ್ಮಾನ ಮಾಡುವುದು ಮಧ್ಯದಲ್ಲಿ ಕೂತ ಒಂದೇ ರೆಸಿಸ್ಟರ್. ನೀವು ಹೇಳಿದ ಕಂದು-ಕಪ್ಪು-ಕಂದು ಅಂದರೆ 100 ಓಮ್, ಹೆಚ್ಚುಕಮ್ಮಿ ಅದೇ ಜಾಗದ್ದು. ಚಿನ್ನದ ಪಟ್ಟಿ ಅಂದರೆ ಶೇ 5ರಷ್ಟು ಆಚೀಚೆ ಇರಬಹುದು ಅಂತ. ಆದರೆ ನಿಮಗೆ ಕಾಟ ಕೊಡುತ್ತಿರುವುದು ಆ ಶೇ 5 ಅಲ್ಲ. ಅದನ್ನು ಅಂಗಡಿಯವರು ತೂಕ ಇಟ್ಟು ಸರಿ ಮಾಡಿಬಿಟ್ಟಿದ್ದಾರೆ. ಕಾಟ ಕೊಡುತ್ತಿರುವುದು ಬಿಸಿಲು.

ಅದು ಕಾರ್ಬನ್ ಫಿಲ್ಮ್ ರೆಸಿಸ್ಟರ್. ಬಿಸಿ ಏರಿದಂತೆ ಅದರ ಓಮ್ ಇಳಿಯುತ್ತದೆ, ಒಂದು ಡಿಗ್ರಿಗೆ ಸುಮಾರು 300 ಪಿಪಿಎಂ ಅಂತ ಇಟ್ಟುಕೊಳ್ಳಿ. ಪಿಪಿಎಂ ಅಂದರೆ ಹತ್ತು ಲಕ್ಷಕ್ಕೆ ಎಷ್ಟು ಪಾಲು ಅಂತ. 15 ಡಿಗ್ರಿಗೆ 4500 ಪಿಪಿಎಂ. 50 ಕೆಜಿಗೆ ಅದು 225 ಗ್ರಾಂ. ನಿಮಗೆ ಬಂದ ವ್ಯತ್ಯಾಸ 220. ಓಮ್ ಇಳಿದರೆ ಗೇನ್ ಏರುತ್ತದೆ, ಹಾಗಾಗಿ ಮಧ್ಯಾಹ್ನ ಜಾಸ್ತಿ ತೋರಿಸುತ್ತಿದೆ. ದಿಕ್ಕೂ ಸರಿ ಹೊಂದಿತು. ಖಚಿತ ಮಾಡಿಕೊಳ್ಳಲು ಕರೆಂಟಿನ ವಯರ್ ತೆಗೆದು ಬ್ಯಾಟರಿಯಲ್ಲಿ ಓಡಿಸಿ, ಬಟ್ಟು ಇಟ್ಟು, ಬಿಸಿ ಸೋಲ್ಡರಿಂಗ್ ಐರನ್ ಅನ್ನು ಆ ರೆಸಿಸ್ಟರ್ ಹತ್ತಿರ ಮುಟ್ಟಿಸದೆ ಹಿಡಿಯಿರಿ. ಅಂಕಿ ಮೇಲೆ ಹತ್ತುತ್ತದೆ.

ಈಗ ನಿಮ್ಮ ಎರಡನೇ ಪ್ರಶ್ನೆ. ನಾನು ಹಾಸನದ ಒಂದು ಕಾಲೇಜಿನ ಭೌತಶಾಸ್ತ್ರ ಲ್ಯಾಬಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವನು, ಇದು ನನಗೆ ಬಹಳ ಇಷ್ಟದ ವಿಷಯ, ಸ್ವಲ್ಪ ಉದ್ದ ಆಗುತ್ತದೆ.

ಪಿಯುಸಿ ಓದಿದವರಿಗೆ ಪೋಸ್ಟ್ ಆಫೀಸ್ ಬಾಕ್ಸ್ ನೆನಪಿರಬಹುದು. ಓಮ್ ಅಳೆಯುವ ಮರದ ಪೆಟ್ಟಿಗೆ, ಮೇಲೆ ಹಿತ್ತಾಳೆ ಗಟ್ಟಿಗಳ ಸಾಲು, ನಡುವೆ ಹಿತ್ತಾಳೆ ಬಿರಡೆ. ಬಿರಡೆ ಕಿತ್ತರೆ ಒಳಗಿನ ಸುರುಳಿ ಸರ್ಕ್ಯೂಟಿಗೆ ಸೇರುತ್ತದೆ. ಬ್ರಿಟಿಷ್ ಅಂಚೆ ಇಲಾಖೆಯವರು ಟೆಲಿಗ್ರಾಫ್ ತಂತಿ ಎಲ್ಲಿ ಕೆಟ್ಟಿದೆ ಅಂತ ಹುಡುಕಲು ಬಳಸುತ್ತಿದ್ದರು, ಅದಕ್ಕೇ ಆ ಹೆಸರು. ನಮ್ಮ ಲ್ಯಾಬಿನ ಒಂದು ಪೆಟ್ಟಿಗೆಯನ್ನು ರಿಪೇರಿಗೆ ಬಿಚ್ಚಿದಾಗ ಸುರುಳಿಗಳನ್ನು ನೋಡಿದ್ದೇನೆ. ತಂತಿಯನ್ನು ಮಧ್ಯಕ್ಕೆ ಮಡಚಿ, ಜೋಡಿ ಎಳೆಯಾಗಿ ಸುತ್ತಿರುತ್ತಾರೆ. ಒಂದು ಎಳೆಯಲ್ಲಿ ಕರೆಂಟ್ ಹೋಗುತ್ತದೆ, ಪಕ್ಕದ ಎಳೆಯಲ್ಲಿ ವಾಪಸ್ ಬರುತ್ತದೆ, ಎರಡರ ಕಾಂತಕ್ಷೇತ್ರ ಒಂದನ್ನೊಂದು ಅಳಿಸುತ್ತದೆ. ಅಷ್ಟು ಜಾಗ್ರತೆಯಿಂದ ಕೈಯಲ್ಲಿ ಮಾಡಿದ ಕೆಲಸ.

ಆ ತಂತಿ ತಾಮ್ರದ್ದಲ್ಲ. ತಾಮ್ರ ಒಂದು ಡಿಗ್ರಿಗೆ ಸುಮಾರು 3900 ಪಿಪಿಎಂ ಬದಲಾಗುತ್ತದೆ. ತಾಮ್ರದಲ್ಲಿ ಪ್ರಮಾಣ, ಅಂದರೆ ಉಳಿದದ್ದನ್ನು ಹೋಲಿಸಿ ನೋಡುವ ಮಾದರಿ ಓಮ್, ಇಟ್ಟರೆ ಬೆಳಗಿನ ಓಮ್ ಬೇರೆ, ಸಂಜೆಯ ಓಮ್ ಬೇರೆ. ಈ ಗಂಟನ್ನು ಬಿಡಿಸಿದವನು ಎಡ್ವರ್ಡ್ ವೆಸ್ಟನ್. 1850ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, 1870ರಲ್ಲಿ ಅಮೆರಿಕಕ್ಕೆ ಹೋದವನು. ಮೊದಲು ಮಾಡಿದ್ದು ಲೋಹಕ್ಕೆ ಲೇಪ ಹಾಕುವ ಕೆಲಸ. 1880ರ ದಶಕದ ಕೊನೆಯಲ್ಲಿ ತಾಮ್ರಕ್ಕೆ ಬೇರೆ ಬೇರೆ ಲೋಹ ಬೆರೆಸುತ್ತಾ ಹೋದಾಗ ಎರಡು ಮಿಶ್ರಲೋಹ ಸಿಕ್ಕವು. ಒಂದು ಇವತ್ತಿನ ಕಾನ್‌ಸ್ಟಂಟನ್, ತಾಮ್ರ ಮತ್ತು ನಿಕಲ್. ಇನ್ನೊಂದು ಮ್ಯಾಂಗನಿನ್, ತಾಮ್ರ 84 ಪಾಲು, ಮ್ಯಾಂಗನೀಸ್ 12, ನಿಕಲ್ 4. ಕೋಣೆಯ ಉಷ್ಣಾಂಶದ ಸುತ್ತಮುತ್ತ ಮ್ಯಾಂಗನಿನ್ ಹೆಚ್ಚುಕಮ್ಮಿ ಅಲುಗಾಡುವುದೇ ಇಲ್ಲ.

ಎರಡೂ ಬಿಸಿಗೆ ಜಗ್ಗದವು, ಮತ್ತೆ ಪೆಟ್ಟಿಗೆಯಲ್ಲಿ ಮ್ಯಾಂಗನಿನ್ ಮಾತ್ರ ಯಾಕೆ ಅಂತ ಹುಡುಗರು ಕೇಳುತ್ತಿದ್ದರು. ಕಾನ್‌ಸ್ಟಂಟನ್ ತಾಮ್ರವನ್ನು ಮುಟ್ಟುವ ಜಾಗದಲ್ಲಿ ಒಂದು ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 40 ಮೈಕ್ರೋವೋಲ್ಟ್ ತಾನೇ ಹುಟ್ಟಿಸುತ್ತದೆ. ಉಷ್ಣಾಂಶ ಅಳೆಯುವ ಥರ್ಮೋಕಪಲ್‌ಗೆ ಅದು ಒಳ್ಳೆಯ ಗುಣ, ಅಳತೆ ಪೆಟ್ಟಿಗೆಗೆ ಕೆಟ್ಟದ್ದು. ಮ್ಯಾಂಗನಿನ್‌ನಲ್ಲಿ ಅದು ಒಂದೆರಡು ಮೈಕ್ರೋವೋಲ್ಟ್ ಅಷ್ಟೇ.

ವೋಲ್ಟ್‌ಗೂ ಅವನೇ ದಾರಿ ಮಾಡಿದ. ಅದಕ್ಕೆ ಮೊದಲು ಪ್ರಮಾಣಕ್ಕೆ ಇದ್ದದ್ದು 1873ರ ಕ್ಲಾರ್ಕ್ ಸೆಲ್ ಎಂಬ ಬ್ಯಾಟರಿ. ಅದು ಒಂದು ಡಿಗ್ರಿ ಬದಲಾದರೆ 1 ಮಿಲಿವೋಲ್ಟ್‌ಗಿಂತ ಜಾಸ್ತಿ ಜಾರುತ್ತಿತ್ತು. ವೆಸ್ಟನ್ 1893ರಲ್ಲಿ ಸತುವಿನ ಬದಲು ಕ್ಯಾಡ್ಮಿಯಂ ಹಾಕಿದ. ಎಚ್ ಆಕಾರದ ಗಾಜಿನ ನಳಿಕೆ, ಒಂದು ಕಾಲಲ್ಲಿ ಪಾದರಸ, ಇನ್ನೊಂದು ಕಾಲಲ್ಲಿ ಕ್ಯಾಡ್ಮಿಯಂ ಬೆರೆತ ಪಾದರಸ. 20 ಡಿಗ್ರಿಯಲ್ಲಿ 1.0186 ವೋಲ್ಟ್, ಒಂದು ಡಿಗ್ರಿಗೆ ಜಾರುವುದು ಸುಮಾರು 40 ಮೈಕ್ರೋವೋಲ್ಟ್. 1911ರಲ್ಲಿ ಅದನ್ನೇ ಅಂತರರಾಷ್ಟ್ರೀಯ ಪ್ರಮಾಣ ಅಂತ ಒಪ್ಪಿದರು, ಪೇಟೆಂಟ್ ಹಕ್ಕನ್ನು ವೆಸ್ಟನ್ ಬಿಟ್ಟುಕೊಟ್ಟ. ಕರೆಂಟ್ ಎಳೆದರೆ ಕೆಡುತ್ತದೆ, ಅಲುಗಿಸಿದರೂ ಕೆಡುತ್ತದೆ. ಅಂಥ ಸೂಕ್ಷ್ಮ ವಸ್ತುವನ್ನು ನಂಬಿ ಜಗತ್ತು ದಶಕಗಟ್ಟಲೆ ವೋಲ್ಟ್ ಅಳೆಯಿತು.

ನಮ್ಮ ಮಲೆನಾಡಿಗೆ ಸಂಬಂಧಪಟ್ಟ ಒಂದು ಮಾತು ಹೇಳಿಬಿಡುತ್ತೇನೆ. ಮ್ಯಾಂಗನಿನ್ ಸುರುಳಿಗೆ ಅರಗು ಬಳಿಯುತ್ತಿದ್ದರು. 1900ರ ದಶಕದಲ್ಲಿ ವಾಷಿಂಗ್ಟನ್ನಿನ ಪ್ರಮಾಣ ಸಂಸ್ಥೆಯಲ್ಲಿ ಎಡ್ವರ್ಡ್ ರೋಸಾ ನೋಡಿದ್ದೇನೆಂದರೆ, ಪ್ರಮಾಣದ ರೆಸಿಸ್ಟರುಗಳು ಬೇಸಿಗೆಯಲ್ಲಿ ಒಂದು, ಚಳಿಗಾಲದಲ್ಲಿ ಒಂದು ತೋರಿಸುತ್ತಿವೆ, ಉಷ್ಣಾಂಶದ ಲೆಕ್ಕ ಕಳೆದರೂ ಉಳಿಯುತ್ತಿದೆ. ಕಾರಣ ಗಾಳಿಯ ತೇವ. ಅರಗು ತೇವ ಕುಡಿದು ಉಬ್ಬುತ್ತದೆ, ಉಬ್ಬಿದಾಗ ತಂತಿಯನ್ನು ಎಳೆಯುತ್ತದೆ, ಎಳೆದಾಗ ಓಮ್ ಬದಲಾಗುತ್ತದೆ. ಆಮೇಲೆ ಸುರುಳಿಯನ್ನು ಎಣ್ಣೆಯಲ್ಲಿಟ್ಟು ಗಾಳಿಯಾಡದಂತೆ ಮುಚ್ಚಿದರು. 1930ರ ದಶಕದಲ್ಲಿ ಅಲ್ಲೇ ಥಾಮಸ್ ಎಂಬವರು ಮಾಡಿದ 1 ಓಮ್ ರೆಸಿಸ್ಟರ್, ತಂತಿಯನ್ನು ಚೆನ್ನಾಗಿ ಕಾಯಿಸಿ ಒಳಗಿನ ಬಿಗಿ ತೆಗೆದು ಎರಡು ಗೋಡೆಯ ಡಬ್ಬಿಯಲ್ಲಿ ಮುಚ್ಚಿದ್ದು, ಹಲವು ದಶಕ ಪ್ರಮಾಣವಾಗಿ ಬಾಳಿತು. ಮಳೆಗಾಲದಲ್ಲಿ ಕಿಟಕಿಯ ಮರ ಉಬ್ಬಿ ಬಾಗಿಲು ಹಾಕಲಾಗದೆ ಒದ್ದಾಡುವ ನಮಗೆ ಇದನ್ನು ಬೇರೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಸಕಲೇಶಪುರ ರೇಡಿಯೋ:

ಮೇಷ್ಟ್ರು ಹೇಳಿದ ಕೊನೆಯ ಮಾತು ಹಿಡಿದುಕೊಳ್ಳಿ. ತಂತಿಯನ್ನು ಎಳೆದರೆ ಓಮ್ ಬದಲಾಗುತ್ತದೆ. ರೋಸಾಗೆ ಅದು ರೋಗ. ನಿಮ್ಮ ತೂಕದ ಮೆಷಿನ್ ನಡೆಯುವುದೇ ಅದರಿಂದ.

ಲೋಡ್ ಸೆಲ್ ಅಂದರೆ ಒಂದು ಅಲ್ಯೂಮಿನಿಯಂ ಅಥವಾ ಉಕ್ಕಿನ ದಿಮ್ಮಿ, ಅದರ ಮೇಲೆ ಅಂಟಿಸಿದ ನಾಲ್ಕು ಸ್ಟ್ರೇನ್ ಗೇಜ್, ಅಂದರೆ ಎಳೆದರೆ ಓಮ್ ಬದಲಾಗುವ ತೆಳು ಪಟ್ಟಿ. ಚೀಲ ಇಟ್ಟಾಗ ದಿಮ್ಮಿ ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಎರಡು ಗೇಜ್ ಹಿಗ್ಗುತ್ತವೆ, ಎರಡು ಕುಗ್ಗುತ್ತವೆ. ನಾಲ್ಕನ್ನೂ ವೀಟ್‌ಸ್ಟನ್ ಬ್ರಿಜ್ (ಓಮ್‌ನ ಸಣ್ಣ ವ್ಯತ್ಯಾಸವನ್ನು ವೋಲ್ಟೇಜಾಗಿ ತೋರಿಸುವ ನಾಲ್ಕು ರೆಸಿಸ್ಟರಿನ ಜೋಡಣೆ) ಆಗಿ ಜೋಡಿಸಿರುತ್ತಾರೆ, ಹೆಚ್ಚಾಗಿ 350 ಓಮ್‌ನವು. ಆ ಬ್ರಿಜ್ ಅನ್ನು 1833ರಲ್ಲಿ ಮೊದಲು ವಿವರಿಸಿದವರು ಸ್ಯಾಮ್ಯುಯೆಲ್ ಹಂಟರ್ ಕ್ರಿಸ್ಟಿ, 1843ರಲ್ಲಿ ವೀಟ್‌ಸ್ಟನ್ ಅದನ್ನು ಜನಕ್ಕೆ ಮುಟ್ಟಿಸಿದರು, ಹೆಸರು ಅವರದೇ ಉಳಿಯಿತು. ತಂತಿ ಎಳೆದರೆ ಓಮ್ ಏರುತ್ತದೆ ಅಂತ ಲಾರ್ಡ್ ಕೆಲ್ವಿನ್ 1856ರಲ್ಲೇ ತೋರಿಸಿದ್ದರು. ಅದನ್ನು ಅಂಟಿಸಿ ಅಳತೆಗೆ ತಂದದ್ದು 1938ರಲ್ಲಿ, ಇಬ್ಬರು ಬೇರೆ ಬೇರೆ ಊರಲ್ಲಿ ಕೂತು. ಕ್ಯಾಲ್‌ಟೆಕ್‌ನಲ್ಲಿ ಎಡ್ವರ್ಡ್ ಸಿಮನ್ಸ್, ಎಂಐಟಿಯಲ್ಲಿ ಆರ್ಥರ್ ರೂಜ್. ಭೂಕಂಪ ಆದರೆ ನೀರಿನ ಟ್ಯಾಂಕಿಗೆ ಏನಾಗುತ್ತದೆ ಅಂತ ಮಾದರಿ ಮಾಡಿ ನೋಡುತ್ತಿದ್ದರು ರೂಜ್. 1952ರ ಹೊತ್ತಿಗೆ ಇಂಗ್ಲೆಂಡಿನ ಸಾಂಡರ್ಸ್-ರೋ ಕಂಪನಿಯವರು ತಂತಿ ಬಿಟ್ಟು ತೆಳು ಲೋಹದ ಹಾಳೆಯನ್ನು ಕೊರೆದು ಗೇಜ್ ಮಾಡಿದರು. ನಿಮ್ಮ ಮೆಷಿನ್ನಿನ ಗೇಜ್ ಕೂಡ ಬಹುತೇಕ ಅದೇ ಕಾನ್‌ಸ್ಟಂಟನ್ ಹಾಳೆ. ವೆಸ್ಟನ್ ಕೈಯಲ್ಲಿ ಹುಟ್ಟಿದ ಲೋಹ ನಿಮ್ಮ ಕಣದಲ್ಲಿ ಕಾಫಿ ಹಣ್ಣು ತೂಗುತ್ತಿದೆ.

ಈಗ ಸಾವಿರ ರೂಪಾಯಿಯ ರೆಸಿಸ್ಟರ್ ಕಥೆ. ಅದನ್ನು ಮಾಡಿದವರು ಫೆಲಿಕ್ಸ್ ಜಾಂಡ್‌ಮನ್. ಇವರ ಬಗ್ಗೆ ಓದಿದ ಮೇಲೆ ಆ ಬಿಡಿಭಾಗವನ್ನು ನಾನು ಬೇರೆ ಕಣ್ಣಿನಿಂದ ನೋಡಲು ಶುರು ಮಾಡಿದೆ. ಗ್ರೋದ್ನೋ ಎಂಬ ಊರಿನ ಯಹೂದಿ ಹುಡುಗ. ಆಗ ಅದು ಪೋಲೆಂಡಿನಲ್ಲಿತ್ತು. ನಾಜಿಗಳು ಅವರ ಮನೆಮಂದಿಯಲ್ಲಿ ಬಹುತೇಕರನ್ನು ಕೊಂದರು. ಪುಚಾಲ್ಸ್ಕಿ ಎಂಬ ಬಡ ಕುಟುಂಬ ತಮ್ಮ ಮನೆಯ ನೆಲದ ಕೆಳಗೆ ಗುಂಡಿ ತೋಡಿ ಅಡಗಿಸಿಟ್ಟಿತು. 17 ತಿಂಗಳು. ಎದ್ದು ನಿಲ್ಲಲೂ ಆಗದ ಗುಂಡಿ, ಬೆಳಕಿಲ್ಲ. ಜೊತೆಗಿದ್ದ ಸೋದರಮಾವ ಆ ಕತ್ತಲಲ್ಲಿ ಬಾಯಿಮಾತಿನಲ್ಲೇ ಹುಡುಗನಿಗೆ ಗಣಿತ ಕಲಿಸಿದರು. ಯುದ್ಧ ಮುಗಿದ ಮೇಲೆ ಫ್ರಾನ್ಸಿನಲ್ಲಿ ಓದಿ, ವಸ್ತುಗಳ ಒಳಗಿನ ಬಿಗಿಯನ್ನು ಬೆಳಕಿನಲ್ಲಿ ನೋಡುವ ವಿದ್ಯೆಯಲ್ಲಿ ಪರಿಣತರಾಗಿ ಅಮೆರಿಕಕ್ಕೆ ಹೋದರು. 1962ರಲ್ಲಿ ಕಂಪನಿ ಕಟ್ಟಿದಾಗ ಲಿಥುವೇನಿಯಾದ ಒಂದು ಹಳ್ಳಿಯ ಹೆಸರಿಟ್ಟರು, ವಿಶೇ. ಸತ್ತುಹೋದ ಬಂಧುಗಳ ನೆನಪಿಗೆ.

ಅವರ ಯೋಚನೆ ನೋಡಿ ಎಷ್ಟು ಚೆಂದ. ತೆಳು ನಿಕಲ್-ಕ್ರೋಮಿಯಂ ಹಾಳೆಯನ್ನು ಪಿಂಗಾಣಿ ಬಿಲ್ಲೆಗೆ ಅಂಟಿಸುತ್ತಾರೆ. ಬಿಸಿಯಾದರೆ ಹಾಳೆಯ ಓಮ್ ಸ್ವಲ್ಪ ಏರಬೇಕು. ಆದರೆ ಹಾಳೆ ಹಿಗ್ಗುವಷ್ಟು ಪಿಂಗಾಣಿ ಹಿಗ್ಗುವುದಿಲ್ಲ. ಅಂಟಿಕೊಂಡಿರುವುದರಿಂದ ಪಿಂಗಾಣಿ ಹಾಳೆಯನ್ನು ಅದುಮಿ ಹಿಡಿಯುತ್ತದೆ. ಅದುಮಿದರೆ ಓಮ್ ಇಳಿಯುತ್ತದೆ. ಏರುವುದು, ಇಳಿಯುವುದು ಎರಡೂ ಸಮ ಆಗುವ ಹಾಗೆ ಲೋಹ, ಅಂಟು, ಬಿಲ್ಲೆ ಎಲ್ಲವನ್ನೂ ಹೊಂದಿಸಿದರು. ಬಿಸಿ ಬಂದರೂ ಓಮ್ ಅಲ್ಲೇ ನಿಲ್ಲುತ್ತದೆ, ಡಿಗ್ರಿಗೆ ಒಂದೆರಡು ಪಿಪಿಎಂ. ಸ್ಟ್ರೇನ್ ಗೇಜ್‌ನಲ್ಲಿ ತೂಕ ಅಳೆಯುವ ಗುಣವನ್ನೇ ಇಲ್ಲಿ ಬಿಸಿಯನ್ನು ಅಳಿಸಲು ಬಳಸಿದ್ದಾರೆ. ನಿಮ್ಮ ಮೆಷಿನ್ನಿಗೆ ಅಷ್ಟೆಲ್ಲ ಬೇಡ. 25 ಪಿಪಿಎಂನ ಮೆಟಲ್ ಫಿಲ್ಮ್ (ಲೋಹದ ಪದರದ) ರೆಸಿಸ್ಟರ್ ಸಾಕು, ಅದು ಕೆಲವು ರೂಪಾಯಿ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಿಗುತ್ತದೆ. ಕೇಳುವಾಗ "ಶೇ 1ರದ್ದು ಕೊಡಿ" ಅಂತ ಮಾತ್ರ ಹೇಳಬೇಡಿ, ಪಿಪಿಎಂ ಎಷ್ಟು ಅಂತ ಕೇಳಿ. ಶೇ 1 ಇದ್ದು 100 ಪಿಪಿಎಂ ಇರುವುದೂ ಬಹಳ ಬರುತ್ತದೆ.

ಇನ್ನೊಂದು, ಇದರಲ್ಲಿ ನಮ್ಮ ದೇಶದ ಪಾಲೂ ಇದೆ. ಹಳೆಯ ರೇಡಿಯೋಗಳಲ್ಲಿ ನಾನು ಬದಲಿಸದೇ ಬಿಡುವ ಒಂದೇ ಕೆಪಾಸಿಟರ್ (ವಿದ್ಯುತ್ತನ್ನು ಹಿಡಿದಿಡುವ ಬಿಡಿಭಾಗ) ಅಂದರೆ ಸಿಲ್ವರ್ ಮೈಕಾ. ಅಭ್ರಕದ ಹಾಳೆಗೆ ಬೆಳ್ಳಿ ಹಚ್ಚಿದ್ದು. ಐವತ್ತು ಅರವತ್ತು ವರ್ಷ ಆದರೂ ಬೆಲೆ ಕದಲಿರುವುದಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ರೇಡಿಯೋ, ರಾಡಾರ್‌ಗಳಿಗೆ ಬೇಕಾದ ಒಳ್ಳೆಯ ಅಭ್ರಕ ಬಹುಪಾಲು ಹೋದದ್ದು ಭಾರತದಿಂದ. ಈಗಿನ ಜಾರ್ಖಂಡಿನ ಕೋಡರ್ಮಾ, ಗಿರಿಡೀಹ್ ಕಡೆ ಕೂಲಿಯವರು ಕೈಯಲ್ಲಿ ಹಾಳೆ ಹಾಳೆಯಾಗಿ ಸೀಳಿ ಕೊಟ್ಟದ್ದು. ಪುಸ್ತಕಗಳಲ್ಲಿ ಕೆಪಾಸಿಟರ್ ಮಾಡಿದವರ ಹೆಸರು ಇರುತ್ತದೆ, ಆ ಕೈಗಳ ಹೆಸರು ಇರುವುದಿಲ್ಲ.

ಇಸಿ ಮೂರನೇ ವರ್ಷ:

ಸರ್, ನಾನು ಹಾಸನದಲ್ಲೇ ಓದುತ್ತಿದ್ದೇನೆ. ಒಂದು ಡೌಟು. ಓಪಿ07 ಥರದ ಆಪ್‌ಆಂಪ್ (ಸಿಗ್ನಲ್ ಹಿಗ್ಗಿಸುವ ಐಸಿ) ಒಳಗೆ ಗೇನ್ ಲಕ್ಷಗಟ್ಟಲೆ ಇರುತ್ತದೆ. ಅಷ್ಟು ದೊಡ್ಡ ಐಸಿ ಬಿಟ್ಟು ಒಂದು ರೆಸಿಸ್ಟರ್ ಕೈಗೆ ಜುಟ್ಟು ಕೊಟ್ಟದ್ದು ಯಾಕೆ? ಇನ್ನೊಂದು, ಈಗ 24 ಬಿಟ್ ಎಡಿಸಿ (ವೋಲ್ಟೇಜನ್ನು ಅಂಕಿಯಾಗಿ ಬದಲಿಸುವ ಚಿಪ್) ನೂರು ರೂಪಾಯಿಗೆ ಸಿಗುತ್ತದೆ. ನಾವು ಪ್ರಾಜೆಕ್ಟಿಗೆ ಅದನ್ನೇ ಹಾಕಿದ್ದು. ಲೋಡ್ ಸೆಲ್ ನೇರವಾಗಿ ಅದಕ್ಕೆ ಕೊಟ್ಟರೆ ಈ ಅನಲಾಗ್ ತಾಪತ್ರಯವೇ ಇರುವುದಿಲ್ಲ ಅಲ್ವಾ?

ಹಾಸನ ಲ್ಯಾಬ್ ಮೇಷ್ಟ್ರು:

ಮೊದಲನೇ ಪ್ರಶ್ನೆ ಬಹಳ ಒಳ್ಳೆಯದು ಮರಿ. ಜುಟ್ಟನ್ನು ಬೇಕಂತಲೇ ಕೊಟ್ಟಿದ್ದಾರೆ.

1920ರ ದಶಕದಲ್ಲಿ ಅಮೆರಿಕದ ಟೆಲಿಫೋನ್ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನವರಿಗೆ ದೂರದ ಟೆಲಿಫೋನ್ ಸಾಲುಗಳ ಚಿಂತೆ. ದಾರಿಯುದ್ದಕ್ಕೂ ಆಂಪ್ಲಿಫೈಯರ್ ಇಡಬೇಕು. ಪ್ರತಿ ಆಂಪ್ಲಿಫೈಯರಿನಲ್ಲೂ ಸಿಗ್ನಲ್ ಹಿಗ್ಗಿಸುವ ಗಾಜಿನ ವಾಲ್ವು, ವಾಲ್ವಿನ ಗೇನ್ ಹೊತ್ತಿಗೊಂದು. ಹೊಸದಾಗಿದ್ದಾಗ ಒಂದು, ಹಳೆಯದಾದಾಗ ಒಂದು. ಎಲ್ಲರೂ ಒಳ್ಳೆಯ ವಾಲ್ವ್ ಮಾಡುವುದು ಹೇಗೆ ಅಂತ ಯೋಚಿಸುತ್ತಿದ್ದರು. ಹೆರಾಲ್ಡ್ ಬ್ಲ್ಯಾಕ್ ಕೂಡ ವರ್ಷಗಟ್ಟಲೆ ತಲೆ ಕೆಡಿಸಿಕೊಂಡರು. 1927ರ ಆಗಸ್ಟ್ 2ರ ಬೆಳಿಗ್ಗೆ ಹಡ್ಸನ್ ನದಿ ದಾಟುವ ದೋಣಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದಾಗ ಹೊಳೆಯಿತು. ಕೈಯಲ್ಲಿದ್ದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಹಾಳೆ ಮೇಲೇ ಬರೆದುಕೊಂಡರು. ವಾಲ್ವ್ ಕೊಡುವ ಗೇನ್‌ನಲ್ಲಿ ಬಹುಪಾಲನ್ನು ಬಿಟ್ಟುಬಿಡು, ಔಟ್‌ಪುಟ್ಟಿನ ಒಂದು ಪಾಲನ್ನು ತಿರುಗಿಸಿ ಇನ್‌ಪುಟ್ಟಿಗೆ ಕೊಡು. ಆಗ ಉಳಿಯುವ ಗೇನ್ ಎಷ್ಟು ಅಂತ ವಾಲ್ವ್ ಹೇಳುವುದಿಲ್ಲ, ವಾಪಸ್ ಕೊಡುವ ದಾರಿಯಲ್ಲಿರುವ ರೆಸಿಸ್ಟರ್‌ಗಳು ಹೇಳುತ್ತವೆ. ಲಕ್ಷದಲ್ಲಿ 99,800 ಬಿಟ್ಟು 200 ಇಟ್ಟುಕೊಂಡೆವು, ಆದರೆ ಆ 200 ಗಟ್ಟಿ 200. ಕದಲುವ ವಾಲ್ವಿನ ಕೈಯಿಂದ ಕದಲದ ರೆಸಿಸ್ಟರಿನ ಕೈಗೆ ಕೊಟ್ಟರು. ಹಾಗಾಗಿಯೇ ಆ ಜಾಗದಲ್ಲಿ ಕದಲುವ ರೆಸಿಸ್ಟರ್ ಇಟ್ಟರೆ ಇಡೀ ಏರ್ಪಾಡು ವ್ಯರ್ಥ.

ಆಮೇಲಿನ ಕಥೆ ನಿನ್ನ ಸಿಲೆಬಸ್ಸಿನಲ್ಲಿ ಸ್ವಲ್ಪ ಇದ್ದೇ ಇದೆ. 1947ರಲ್ಲಿ ರಗಾಜಿನಿ ಮತ್ತು ಸಂಗಡಿಗರ ಲೇಖನದಲ್ಲಿ ಆಪರೇಷನಲ್ ಆಂಪ್ಲಿಫೈಯರ್ (ಆಪ್‌ಆಂಪ್) ಅನ್ನುವ ಹೆಸರು ಬಂತು. 1950ರ ದಶಕದ ಶುರುವಿನಲ್ಲಿ ಬಾಸ್ಟನ್ನಿನ ಜಾರ್ಜ್ ಫಿಲ್‌ಬ್ರಿಕ್ ಕೆ2-ಡಬ್ಲ್ಯು ಅಂತ ಮಾರಲು ಶುರು ಮಾಡಿದರು: ಎರಡು 12ಎಎಕ್ಸ್7 ವಾಲ್ವ್, ಪ್ಲಸ್ 300 ಮೈನಸ್ 300 ವೋಲ್ಟ್, ರೇಡಿಯೋ ವಾಲ್ವಿನ ಎಂಟು ಪಿನ್ನಿನ ಬುಡ. ಅಂಗಡಿಯಿಂದ ತಂದು ಚುಚ್ಚಿದರೆ ಆಯಿತು. 1965ರಲ್ಲಿ ಬಾಬ್ ವಿಡ್ಲರ್ ಮಾಡಿದ 709 ಐಸಿ, 1968ರಲ್ಲಿ ಡೇವ್ ಫುಲ್ಲಗರ್ ಮಾಡಿದ 741. 709ಗೆ ಹೊರಗಿಂದ ಕೆಪಾಸಿಟರ್ ಕಟ್ಟಬೇಕಿತ್ತು, 741ರಲ್ಲಿ 30 ಪಿಕೋಫ್ಯಾರಡ್ ಅನ್ನು ಚಿಪ್ ಒಳಗೇ ಸೇರಿಸಿದರು. ಆ ಒಂದು ಅನುಕೂಲಕ್ಕೇ ಇವತ್ತಿಗೂ ನಿಮ್ಮ ಲ್ಯಾಬಿನಲ್ಲಿ ಕೂತಿದೆ.

ಆದರೆ ತೂಕಕ್ಕೆ 741 ಆಗುವುದಿಲ್ಲ. ಬಣಕಲ್‌ನವರ ಮೆಷಿನ್ನಿನಲ್ಲಿ 1 ಗ್ರಾಂ ಅಂದರೆ 0.1 ಮೈಕ್ರೋವೋಲ್ಟ್. 741ರ ಆಫ್‌ಸೆಟ್ (ಒಳಗೆ ಏನೂ ಬರದಿದ್ದರೂ ಇರುವ ತಪ್ಪು ವೋಲ್ಟೇಜು) ಒಂದು ಡಿಗ್ರಿಗೆ 15 ಮೈಕ್ರೋವೋಲ್ಟ್ ತನಕ ಜಾರಬಹುದು. ಒಂದೇ ಡಿಗ್ರಿಗೆ 150 ಗ್ರಾಂ! ಬಿಸಿಲಿಗೆ ಅಡ್ಡ ನಿಂತ ಮೋಡ ಸರಿದರೆ ತೂಕ ಬದಲಾಗುತ್ತದೆ. ಓಪಿ07 ಬಂದದ್ದು 1975ರಲ್ಲಿ, ಪ್ರಿಸಿಷನ್ ಮೊನೊಲಿಥಿಕ್ಸ್ ಕಂಪನಿಯಲ್ಲಿ ಜಾರ್ಜ್ ಎರ್ಡಿ ಮಾಡಿದ್ದು. ಚಿಪ್ ಒಳಗೆ ಸಣ್ಣ ಸಣ್ಣ ಜೀನರ್ ಡಯೋಡುಗಳನ್ನು ಇಟ್ಟು, ಕಾರ್ಖಾನೆಯಲ್ಲೇ ಪ್ರತಿ ಚಿಪ್ಪನ್ನೂ ಅಳೆದು, ಬೇಕಾದ ಡಯೋಡಿಗೆ ಮಾತ್ರ ಜೋರು ಕರೆಂಟ್ ಹೊಡೆದು ಶಾರ್ಟ್ ಮಾಡುತ್ತಾರೆ. ಹಾಗೆ ಒಳಗಿನ ರೆಸಿಸ್ಟರ್‌ಗಳು ಹೊಂದಿಕೊಂಡು ಆಫ್‌ಸೆಟ್ ಹತ್ತಾರು ಮೈಕ್ರೋವೋಲ್ಟಿಗೆ ಇಳಿಯುತ್ತದೆ, ಡಿಗ್ರಿಗೆ ಜಾರುವುದು ಅರ್ಧ ಮೈಕ್ರೋವೋಲ್ಟ್ ಸುತ್ತಮುತ್ತ. ಅದಕ್ಕೇ ಅವರ ಮೆಷಿನ್ನಿನಲ್ಲಿ 741 ಅಲ್ಲ, ಓಪಿ07 ಇದೆ.

ಎಡಿಸಿ ಬಗ್ಗೆ. ಎಡಿಸಿ ಹೇಳುವುದು ಒಂದು ಭಾಗಾಕಾರದ ಉತ್ತರ ಮಾತ್ರ: ಒಳಗೆ ಬಂದ ವೋಲ್ಟೇಜು ರೆಫರೆನ್ಸಿನ, ಅಂದರೆ ಹೋಲಿಕೆಗೆ ಕೊಟ್ಟ ವೋಲ್ಟೇಜಿನ, ಎಷ್ಟನೇ ಪಾಲು ಅಂತ. ರೆಫರೆನ್ಸ್ ಜಾರಿದರೆ 24 ಬಿಟ್ಟೂ ಅದರ ಜೊತೆಗೇ ಜಾರುತ್ತದೆ. ತೂಕದ ಮೆಷಿನ್ನಿನಲ್ಲಿ ಒಂದು ಒಳ್ಳೆಯ ಉಪಾಯ ಇದೆ. ಬ್ರಿಜ್‌ಗೆ ಕೊಡುವ ವೋಲ್ಟೇಜನ್ನೇ ಎಡಿಸಿಗೂ ರೆಫರೆನ್ಸ್ ಮಾಡುತ್ತಾರೆ, ಅದು ಜಾರಿದರೆ ಎರಡೂ ಕಡೆ ಒಂದೇ ಪ್ರಮಾಣದಲ್ಲಿ ಜಾರಿ ಭಾಗಾಕಾರದಲ್ಲಿ ಹೊಡೆದುಹೋಗುತ್ತದೆ. ನೀವು ಪ್ರಾಜೆಕ್ಟಿಗೆ ಹಾಕಿದ ಚಿಪ್ಪಿನೊಳಗೂ ಗೇನ್ ತೀರ್ಮಾನ ಮಾಡುವ ಅನಲಾಗ್ ಭಾಗಗಳು ಇದ್ದೇ ಇವೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ.

ವೋಲ್ಟನ್ನೇ ಅಳೆಯಬೇಕು ಅಂದರೆ ಆ ಉಪಾಯ ನಡೆಯುವುದಿಲ್ಲ, ಗಟ್ಟಿ ರೆಫರೆನ್ಸ್ ಬೇಕೇ ಬೇಕು. ಬಾಬ್ ಡಾಬ್ಕಿನ್ ವಿನ್ಯಾಸದ ಎಲ್‌ಎಂ399, ಎಲ್‌ಟಿಜೆಡ್1000 ಹೆಸರು ಬರೆದಿಟ್ಟುಕೋ. ಎರಡೂ ರೆಫರೆನ್ಸ್ ಚಿಪ್ಪುಗಳೇ. ಒಂದೇ ವೋಲ್ಟೇಜಿನಲ್ಲಿ ನಿಲ್ಲುವ ಜೀನರ್ ಡಯೋಡನ್ನು ಸಿಲಿಕಾನಿನ ಮೇಲ್ಮೈಯಲ್ಲಿ ಬಿಡದೆ ಒಳಗೆ ಹೂತಿಡುತ್ತಾರೆ, ಮೇಲಿನ ಕೊಳೆ ತಾಗದಿರಲಿ ಅಂತ. ಅದೇ ಚಿಪ್ಪಿನಲ್ಲಿ ಒಂದು ಹೀಟರ್ ಇಟ್ಟು ಯಾವಾಗಲೂ ಒಂದೇ ಬಿಸಿಯಲ್ಲಿ ಇಡುತ್ತಾರೆ, ಕೋಳಿ ಮೊಟ್ಟೆಗೆ ಕಾವು ಕೊಟ್ಟ ಹಾಗೆ. ಹೊರಗೆ ಚಳಿ ಇರಲಿ ಸೆಕೆ ಇರಲಿ ಅದಕ್ಕೆ ಗೊತ್ತೇ ಆಗುವುದಿಲ್ಲ. 1989ರಲ್ಲಿ ಬಂದ ಎಚ್‌ಪಿ 3458ಎ ಮಲ್ಟಿಮೀಟರಿನ ಒಳಗಿರುವುದು ಎಲ್‌ಟಿಜೆಡ್1000. ಅದಕ್ಕಿಂತ ಗಟ್ಟಿ ಅಂದರೆ ಇನ್ನು ತೀರಾ ತಣ್ಣಗೆ ಇಟ್ಟು ಬಳಸುವ ಸೂಪರ್‌ಕಂಡಕ್ಟರಿನ ಜೋಸೆಫ್‌ಸನ್ ಜಂಕ್ಷನ್ ಒಂದೇ. 1990ರಿಂದ ವೋಲ್ಟಿನ ಪ್ರಮಾಣ ಅದೇ, ಓಮ್‌ಗೆ ಕ್ಲಿಟ್ಸಿಂಗ್ ಕಂಡುಹಿಡಿದ ಕ್ವಾಂಟಮ್ ಹಾಲ್ ಪರಿಣಾಮ, ಅದರಲ್ಲಿ ಪ್ರಕೃತಿಯೇ ಕೊಡುವ ಕದಲದ ಬೆಲೆ 25,812.807 ಓಮ್. ವೆಸ್ಟನ್ನನ ಗಾಜಿನ ನಳಿಕೆ ಅಲ್ಲಿಗೆ ನಿವೃತ್ತಿ ಆಯಿತು.

ಕಡೂರು ಕೆಂಪು ಮಣ್ಣು:

ಇಷ್ಟೆಲ್ಲ ಯಾಕೆ. ಹೊಸ ಮೆಷಿನ್ ಏಳೆಂಟು ಸಾವಿರಕ್ಕೆ ಬರುತ್ತದೆ, ತಗೊಂಡುಬಿಡಿ. ಕೊಯ್ಲಿನ ಹೊತ್ತಲ್ಲಿ ಬೋರ್ಡ್ ಬಿಚ್ಚಿಕೊಂಡು ಕೂತರೆ ಕೆಲಸ ಯಾರು ನೋಡುತ್ತಾರೆ.

ಬಣಕಲ್ ತೋಟ:

ಅಣ್ಣಾ, ಅದು ಅಪ್ಪ ತಂದದ್ದು, ಲೋಡ್ ಸೆಲ್ ಚೆನ್ನಾಗಿದೆ, ಐಸಿ ಚೆನ್ನಾಗಿದೆ. ಕೆಲವು ರೂಪಾಯಿಯ ಒಂದು ಭಾಗಕ್ಕೋಸ್ಕರ ಅದನ್ನು ಗುಜರಿಗೆ ಹಾಕಲು ಮನಸ್ಸಿಲ್ಲ. ಹೊಸದು ತಂದರೂ ಬೆಳಿಗ್ಗೆ ಮಧ್ಯಾಹ್ನ ಬಟ್ಟು ಇಟ್ಟು ನೋಡದೆ ಇನ್ನು ನಾನು ನಂಬುವುದಿಲ್ಲ.

ಚಿಕ್ಕಮಗಳೂರು ತಕ್ಕಡಿ:

ನಾನು ಲೈಸೆನ್ಸ್ ಇಟ್ಟುಕೊಂಡು ತೂಕದ ಮೆಷಿನ್ ರಿಪೇರಿ ಮಾಡುವವನು. ಮೇಲೆ ಹೇಳಿದ್ದೆಲ್ಲ ಸರಿ. ಆದರೆ ಒಂದು ಮುಖ್ಯ ಮಾತು ಯಾರೂ ಹೇಳಲಿಲ್ಲ. ಕೊಡು ಕೊಳ್ಳುವುದಕ್ಕೆ, ಕೂಲಿ ಲೆಕ್ಕಕ್ಕೆ ಬಳಸುವ ಮೆಷಿನ್ನಿನ ಸೀಲ್ ಒಡೆದು ರಿಪೇರಿ ಮಾಡಿದ ಮೇಲೆ ಕಾನೂನು ಮಾಪನ ಇಲಾಖೆಯಿಂದ ಮತ್ತೆ ಪರೀಕ್ಷೆ ಮಾಡಿಸಿ ಮುದ್ರೆ ಹಾಕಿಸಬೇಕು. 2009ರ ಕಾಯ್ದೆ ಹಾಗೆ ಹೇಳುತ್ತದೆ. ರಿಪೇರಿಯನ್ನೂ ಲೈಸೆನ್ಸ್ ಇರುವವರೇ ಮಾಡಬೇಕು. ಕಾರಣ ಪತ್ತೆ ಮಾಡಿದ್ದು ನಿಮ್ಮ ದೊಡ್ಡ ಕೆಲಸ, ಬೆಸುಗೆ ಹಾಕುವುದನ್ನು ಲೈಸೆನ್ಸಿನವರಿಂದ ಮಾಡಿಸಿ, "ಈ ಜಾಗಕ್ಕೆ 25 ಪಿಪಿಎಂ ಮೆಟಲ್ ಫಿಲ್ಮ್ ಹಾಕಿ" ಅಂತ ನೀವೇ ಕೈಗೆ ಕೊಡಿ. ಬೆಸುಗೆ ಹಾಕಿದ ತಕ್ಷಣ ಸೆಟ್ ಮಾಡಿಸಬೇಡಿ, ಒಂದು ರಾತ್ರಿ ಬಿಟ್ಟು ಮಾಡಿಸಿ. ಬೋರ್ಡ್ ತಣ್ಣಗಾಗಿ ಕೂರಲಿ.

ಬಣಕಲ್ ತೋಟ:

ಎಲ್ಲರಿಗೂ ಥ್ಯಾಂಕ್ಸ್. ಹತ್ತು ದಿನದ ಮೇಲೆ ಬರೆಯುತ್ತಿದ್ದೇನೆ.

ಐರನ್ ಹತ್ತಿರ ಹಿಡಿದು ನೋಡಿದೆ ಮೇಷ್ಟ್ರೇ. ನೀವು ಹೇಳಿದ ಹಾಗೇ ಅಂಕಿ 50.00 ಬಿಟ್ಟು ಮೇಲೆ ಹತ್ತಿತು, ತೆಗೆದ ಮೇಲೆ ನಿಧಾನಕ್ಕೆ ಇಳಿಯಿತು. 25 ಕೆಜಿಯಷ್ಟು ಇಟ್ಟಾಗ ತಪ್ಪು ಅರ್ಧವೇ ಆಯಿತು. ಬೆಂಗಳೂರಲ್ಲಿರುವ ಭಾವನಿಗೆ ಹೇಳಿ 25 ಪಿಪಿಎಂನದು ಐದು ತರಿಸಿದೆ. ಲೈಸೆನ್ಸ್ ಇರುವವರ ಹತ್ತಿರ ಹಾಕಿಸಿ, ಮಾರನೇ ದಿನ ಸೆಟ್ ಮಾಡಿಸಿ, ಮುದ್ರೆಯೂ ಆಯಿತು.

ನಿನ್ನೆ ಬೆಳಿಗ್ಗೆ 15 ಡಿಗ್ರಿಯಲ್ಲಿ 50.00. ಮಧ್ಯಾಹ್ನ 30 ಡಿಗ್ರಿಯಲ್ಲಿ 49.99, ಒಮ್ಮೊಮ್ಮೆ 50.00. ಆ ಅಕ್ಕನನ್ನೂ ಮೇಸ್ತ್ರಿಯನ್ನೂ ಕರೆದು ಎರಡು ಹೊತ್ತೂ ಅವರ ಕೈಯಲ್ಲೇ ಬಟ್ಟು ಇಡಿಸಿದೆ. ಹಿಂದಿನ ಹದಿನೇಳು ದಿನದ ಪುಸ್ತಕ ತೆಗೆದು ಬೆಳಗಿನ ತೂಕ ಎಷ್ಟೆಷ್ಟು ಕಮ್ಮಿ ಬಿದ್ದಿದೆ ಅಂತ ಲೆಕ್ಕ ಹಾಕಿದೆವು, ನೂರು ಕೆಜಿಗೆ 220 ಗ್ರಾಂ ಹಾಗೆ. ಈ ಶನಿವಾರದ ಬಟವಾಡೆಯಲ್ಲಿ ಅದನ್ನು ಸೇರಿಸಿ ಕೊಡುತ್ತೇವೆ. ಮಧ್ಯಾಹ್ನ ಜಾಸ್ತಿ ಬಿದ್ದದ್ದನ್ನು ಕಳೆಯುವುದು ಬೇಡ ಅಂತ ಅಪ್ಪ ಹೇಳಿದರು.

ಉಳಿದ ನಾಲ್ಕು ರೆಸಿಸ್ಟರ್ ಒಂದು ಪೊಟ್ಟಣದಲ್ಲಿ ಹಾಕಿ, ಮೇಲೆ "100 ಓಮ್, 25 ಪಿಪಿಎಂ, ತೂಕದ ಮೆಷಿನ್ನಿಗೆ" ಅಂತ ಬರೆದು ಬಟ್ಟುಗಳ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ.